ಕನ್ನಡಕ ಹೇಳಿದ ವಿಳಾಸ

ಬುಧವಾರ, ಮಾರ್ಚ್ ೧೧
ಅಂಗಡಿಯ ಹಿಂದಿನ ಕೋಣೆಯಿಂದ, ಬೆಳಿಗ್ಗೆ ಹತ್ತು ಗಂಟೆ

ಮಗಳೇ ಮಿಟುಕಿ,

ಅಮ್ಮನ ಆಶೀರ್ವಾದಗಳು. ನಾಲ್ಕು ವರ್ಷ ತಡವಾಗಿ ಬರೆಯುತ್ತಿರುವ ಕಾಗದಕ್ಕೆ ಯಾವ ಬಾಯಿಂದ ಕ್ಷಮೆ ಕೇಳಲಿ? ಹೆಸರಿನ ಹಿಂದೆ ‘ಸೌಭಾಗ್ಯವತಿ’ ಎಂದು ಬರೆಯುವುದು ರೂಢಿ. ಪೆನ್ನು ಅಲ್ಲಿಗೆ ಬಂದು ನಿಂತಿತು, ಬಿಟ್ಟುಬಿಟ್ಟೆ. ‘ಇಲ್ಲಿ ಎಲ್ಲ ಕ್ಷೇಮ’ ಎಂದೂ ಬರೆಯಲಾರೆ, ಇಲ್ಲಿ ಕ್ಷೇಮವಿಲ್ಲ.

ಮೊದಲು ಕೆಲಸದ ಮಾತು. ಈ ಕಾಗದ ತಂದುಕೊಟ್ಟವರು ನೀನು ಕನ್ನಡಕ ಮಾಡಿಸಿಕೊಂಡ ಅಂಗಡಿಯ ಗಿಡ್ಡ ಯಜಮಾನರ ಹೆಂಡತಿ. ನಂಬಬಹುದಾದ ಹೆಂಗಸು. ಈಗಲೇ, ಹಾಕಿಕೊಂಡ ಬಟ್ಟೆಯಲ್ಲೇ, ಅವರ ಜೊತೆ ಹೊರಡು. ಬಟ್ಟೆಬರೆ ತರುತ್ತೇನೆಂದು ರೂಮಿಗೆ ಹೋಗಬೇಡ. ನಿನ್ನ ಗಂಡ ಗೊತ್ತುಮಾಡಿದ ಒಬ್ಬ ಮನುಷ್ಯ ನಿನ್ನನ್ನು ಹುಡುಕಿಕೊಂಡು ನಿನ್ನ ಊರಿಗೆ ಬಂದಾಗಿದೆ. ಉಳಿದದ್ದನ್ನು ಬಸ್ಸಿನಲ್ಲಿ ಕೂತು ಓದು.

ಈಗ ಬಸ್ಸಿನಲ್ಲಿದ್ದೀಯೆಂದು ನಂಬಿ ಬರೆಯುತ್ತೇನೆ. ಅಮ್ಮನಿಗೆ ನನ್ನ ವಿಳಾಸ ಹೇಗೆ ಸಿಕ್ಕಿತು ಎಂದು ಚಿಕ್ಕಂದಿನ ಹಾಗೆ ಕಣ್ಣು ಮಿಟುಕಿಸುತ್ತಿರುತ್ತೀ. ಗಂಡನ ಮನೆ ಬಿಟ್ಟಾಗ ನನಗೆ ಎರಡು ಸಾಲು ಬರೆದಿದ್ದೆ: ‘ನನ್ನನ್ನ ಹುಡುಕಬೇಡ. ಚೆನ್ನಾಗಿರ್ತೀನಿ.’ ನಾನು ಯಾವತ್ತು ನಿನ್ನ ಮಾತು ಕೇಳಿದ್ದೇನೆ ಹೇಳು? ಮನುಷ್ಯರು ಹೆಸರು ಬದಲಾಯಿಸಬಹುದು, ಕೂದಲು ಕತ್ತರಿಸಿಕೊಳ್ಳಬಹುದು, ಕಣ್ಣಿನ ನಂಬರ್ ಬದಲಾಯಿಸುವುದು ಯಾರ ಕೈಲೂ ಆಗದು. ನಿನ್ನ ಬಲಗಣ್ಣಿಗೆ ಮೈನಸ್ ಎರಡೂವರೆ, ಎಡಗಣ್ಣಿಗೆ ಮೈನಸ್ ಏಳು, ಅದರ ಮೇಲೆ ಒಂದಿಷ್ಟು ಓರೆ, ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುತ್ತಾರಲ್ಲ ಅದು. ಇಂಥ ಲೆನ್ಸನ್ನು ಯಾವ ಅಂಗಡಿಯಲ್ಲೂ ಸಿದ್ಧವಾಗಿ ಇಟ್ಟಿರುವುದಿಲ್ಲ, ಹೇಳಿ ಉಜ್ಜಿಸಬೇಕು. ಹಾಗೆ ಉಜ್ಜುವವರು ಈ ಸುತ್ತಮುತ್ತಿನಲ್ಲಿ ನನ್ನನ್ನೂ ಸೇರಿಸಿ ಹನ್ನೆರಡು ಮಂದಿ, ಎಲ್ಲರೂ ಎಲ್ಲರಿಗೂ ಗೊತ್ತು. ಹನ್ನೊಂದು ಕಾರ್ಡು ಬರೆದೆ. ನೀನು ಹೋದ ಎಂಟನೆಯ ತಿಂಗಳಿಗೆ ಗಿಡ್ಡ ಯಜಮಾನರ ಉತ್ತರ ಬಂತು. ‘ನೀವು ಹೇಳಿದ ನಂಬರಿನ ಹುಡುಗಿ ಬಂದಿದ್ದಳು. ಪುಸ್ತಕದ ಬೈಂಡಿಂಗ್ ಕೆಲಸವಂತೆ. ಮೈಕೈ ತುಂಬಿಕೊಂಡಿದ್ದಾಳೆ, ನಗುತ್ತಾಳೆ.’ ನಗುತ್ತಾಳೆ ಎಂಬುದನ್ನು ಓದಿ ಉಜ್ಜುವ ಯಂತ್ರದ ಮುಂದೆ ಕೂತು ಅತ್ತುಬಿಟ್ಟೆ. ನಿನಗೆ ಬರೆಯಲಿಲ್ಲ. ಬರೆದರೆ ಅಲ್ಲಿಂದಲೂ ಓಡಿಹೋಗುತ್ತೀ ಎಂಬ ಹೆದರಿಕೆ. ಆ ಕಾರ್ಡನ್ನು ಅಂಗಡಿಯ ಗೋಡೆಯ ಮೊಳೆಗೆ ಸಿಕ್ಕಿಸಿ, ದಿನಾ ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ಒಂದು ಸಲ ಓದುತ್ತಿದ್ದೆ.

ಆಮೇಲೆ ನನಗೆ ಈ ಪತ್ತೇದಾರಿಯ ಹುಚ್ಚು ಹತ್ತಿತು. ಮರೆವಿನ ಕಾಯಿಲೆಯ ಒಬ್ಬ ನಿವೃತ್ತ ಗುಮಾಸ್ತರು ಮನೆಯ ದಾರಿ ತಪ್ಪಿ ಕಾಣೆಯಾಗಿದ್ದರು. ಅವರ ಹಳೆಯ ಕನ್ನಡಕ ನೋಡಿ ಕಾರ್ಡು ಬರೆದೆ, ಹದಿನೈದು ದಿನದಲ್ಲಿ ಮೂರು ಊರಿನಾಚೆ ಸಿಕ್ಕಿದರು. ಪೇಪರಿನಲ್ಲಿ ನಾಲ್ಕು ಸಾಲು ಬಂತು. ಎದುರಿನ ಕ್ಷೌರದಂಗಡಿಯವರು ‘ಪತ್ತೇದಾರಮ್ಮ’ ಎಂದು ಹೆಸರಿಟ್ಟರು. ಮೇಲೆ ಮೇಲೆ ಬೈದೆನಾದರೂ ಒಳಗೊಳಗೇ ಉಬ್ಬಿಹೋದೆ. ಒಟ್ಟು ಏಳು ಮಂದಿಯನ್ನು ಹುಡುಕಿಕೊಟ್ಟೆ. ಪೊಲೀಸರ ಕೈಲಾಗದ್ದು ನನ್ನ ಕೈಲಾಯಿತು ಎಂಬ ಜಂಬ ತಲೆಗೇರಿತ್ತು. ಹುಡುಕಿಕೊಡಿ ಎಂದು ಬಂದವರು ಯಾರು, ಯಾಕೆ ಹುಡುಕುತ್ತಿದ್ದಾರೆ ಎಂದು ಕೇಳುವ ಬುದ್ಧಿ ನನಗಿರಲಿಲ್ಲ.

ಎಂಟನೆಯ ಕೇಸು ತಂದವನು ಒಬ್ಬ ಮೆದುಮಾತಿನವ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದ. “ನಮ್ಮಕ್ಕ, ಗಣಿತದ ಟೀಚರು. ಮನಸ್ಸಿಗೆ ಬೇಜಾರು ಮಾಡ್ಕೊಂಡು ಎಲ್ಲೋ ಹೋಗ್ಬಿಟ್ಲು ಅಮ್ಮಾ. ಬದುಕಿದ್ದಾಳೆ ಅಂತ ಗೊತ್ತಾದ್ರೆ ಸಾಕು” ಎಂದು ಕಣ್ಣೊರೆಸಿಕೊಂಡ. ಅವನು ತಂದ ಕನ್ನಡಕ ಎರಡೂ ಕಣ್ಣಿಗೆ ಮೈನಸ್ ಒಂಬತ್ತು. ಹತ್ತೊಂಬತ್ತೇ ದಿನದಲ್ಲಿ ವಿಳಾಸ ಕೈಗಿಟ್ಟೆ. ಕಾಲಿಗೆ ಬಿದ್ದು ಹೋದ.

ಆರು ವಾರದ ಹಿಂದೆ ಆ ಊರಿನ ಅಂಗಡಿಯಿಂದ ಒಂದು ಕಾರ್ಡು ಬಂತು. ಟೀಚರು ಇನ್ನೊಂದು ಜೊತೆ ಕನ್ನಡಕ ಮಾಡಲು ಹೇಳಿದ್ದರು, ತೆಗೆದುಕೊಂಡು ಹೋಗಲು ಬರಲೇ ಇಲ್ಲ, ಮನೆಗೆ ಬೀಗ ಎಂದು ಬರೆದಿದ್ದರು. ಅಂಗಡಿ ಮುಚ್ಚಿ ಬಸ್ಸು ಹತ್ತಿ ಹೋದೆ. ಅಂಚೆ ಕಚೇರಿಯ ಪಕ್ಕದ ಸಂದಿ, ಮಹಡಿಯ ಮೇಲೊಂದು ಕೋಣೆ, ಕೆಳಗೆ ಮನೆಯ ಒಡತಿ.

“ತಮ್ಮ ಬಂದಿದ್ದಾನೆ ಅಂತ ಕರ್ಕೊಂಡು ಹೋದ್ರು, ಹಾಡುಹಗಲೇ” ಎಂದಳು ಒಡತಿ. “ಕಾರಲ್ಲಿ ಇನ್ನೊಬ್ಬ ಕೂತಿದ್ದ, ಇಳೀಲಿಲ್ಲ. ಆದ್ರೆ ಒಂದ್ ಮಾತು ಹೇಳ್ತೀನಿ ಕೇಳಿ. ಆ ಟೀಚರು ಮನೆಗೆ ಒಬ್ಬಳೇ ಮಗಳು. ತಮ್ಮನೂ ಇಲ್ಲ, ಅಣ್ಣನೂ ಇಲ್ಲ ಅಂತ ನನ್ ಹತ್ರ ಎಷ್ಟೋ ಸಲ ಹೇಳಿದ್ರು. ಹೋದ್ಮೇಲೆ ಮೆಟ್ಟಿಲ ಮೇಲೆ ಇದು ಸಿಕ್ತು. ಬಂದ್ರೆ ಕೊಡೋಣ ಅಂತ ಇಟ್ಟಿದ್ದೀನಿ.”

ಸೆರಗಿನಿಂದ ತೆಗೆದು ಕೊಟ್ಟದ್ದು ಟೀಚರ ಕನ್ನಡಕ. ಮೈನಸ್ ಒಂಬತ್ತಿನವರಿಗೆ ಕನ್ನಡಕ ತೆಗೆದರೆ ಎದುರು ನಿಂತವರ ಮುಖ ಗುರುತಿಸಲು ಬರುವುದಿಲ್ಲ. ಅವರು ಹೊಟ್ಟೆಗಿಲ್ಲದೆ ಹೋದಾರು, ಚಪ್ಪಲಿಯಿಲ್ಲದೆ ಹೋದಾರು, ಕನ್ನಡಕ ಮೆಟ್ಟಿಲ ಮೇಲೆ ಬಿಟ್ಟು ತಾವಾಗಿಯೇ ಹೋಗುವುದಿಲ್ಲ.

ನೇರ ಪೊಲೀಸ್ ಠಾಣೆಗೆ ಹೋದೆ. ಸಾಹೇಬರು ಒಂದು ಕಡತ ತಿರುವಿ, “ಆಕೆ ಗಂಡನ ಮನೆಗೆ ವಾಪಸ್ ಹೋಗಿದ್ದಾರೆ. ಗಂಡನೇ ಬರೆದುಕೊಟ್ಟಿದ್ದಾನೆ. ಹುಡುಕಿಸಿದವನೂ ಅವನೇ. ನೀವ್ಯಾಕಮ್ಮ ಸಂಸಾರದ ಮಧ್ಯೆ ಬರ್ತೀರ?” ಎಂದರು.

“ಆಕೇನ ನೀವು ಕಣ್ಣಾರೆ ಕಂಡ್ರಾ?” ಎಂದು ಕೇಳಿದೆ.

“ಅದರ ಅಗತ್ಯ ಬೀಳಲಿಲ್ಲ” ಎಂದು ಕಡತ ಮುಚ್ಚಿದರು.

ಹಾಗಾಗಿ ಮತ್ತೆ ಹನ್ನೊಂದು ಕಾರ್ಡು ಬರೆದೆ: ಮೈನಸ್ ಒಂಬತ್ತಿಗೆ ಯಾರಾದರೂ ಹೊಸ ಲೆನ್ಸು ಕೇಳಿದರೆ ಕೂಡಲೇ ತಿಳಿಸಿ. ಆಕೆ ಗಂಡನ ಮನೆಯಲ್ಲಿದ್ದರೆ ಮೂರನೆಯ ದಿನಕ್ಕೆ ಕನ್ನಡಕ ಬೇಕೇ ಬೇಕು. ಆರು ವಾರವಾಯಿತು ಮಗಳೇ, ಯಾರೂ ಕೇಳಿಲ್ಲ. ಕನ್ನಡಕ ಬೇಕಾಗದ ಕಡೆ ಆಕೆ ಇದ್ದಾಳೆ ಎಂದು ನನ್ನ ಮನಸ್ಸು ಹೇಳುತ್ತದೆ. ಅಲ್ಲಿಗೆ ದಾರಿ ತೋರಿಸಿದವಳು ನಾನು. ಅನ್ನ ಸೇರುತ್ತಿಲ್ಲ.

ಇಷ್ಟು ಸಾಲದೆಂಬಂತೆ ಮೊನ್ನೆ ಸೋಮವಾರ ಮಧ್ಯಾಹ್ನ ಅದೇ ಮೆದುಮಾತಿನವ ಮತ್ತೆ ಬಂದ. ಮತ್ತೆ ಚಪ್ಪಲಿ ಹೊರಗೆ ಬಿಟ್ಟ. ಅವನನ್ನು ಮಾತಿಗೆಳೆದು ಹೆಸರು, ಮನೆ ತಿಳಿದುಕೊಳ್ಳೋಣ ಎಂಬ ಪತ್ತೇದಾರಮ್ಮನ ಬುದ್ಧಿ ಇನ್ನೂ ಸತ್ತಿರಲಿಲ್ಲ ನೋಡು. “ಅಕ್ಕ ಹೇಗಿದ್ದಾರೆ?” ಎಂದೆ. “ಆರಾಮಾಗಿದ್ದಾಳೆ, ಯಾವ ತೊಂದ್ರೇನೂ ಇಲ್ಲ ಈಗ” ಎಂದ. ಜೇಬಿನಿಂದ ಒಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ನನ್ ಸ್ನೇಹಿತನ ಹೆಂಡ್ತೀದು. ನಾಲ್ಕು ವರ್ಷ ಆಯ್ತಂತೆ ಹೋಗಿ.”

ಅದು ನಿನ್ನದು. ನೀನು ಆ ಮನೆಯಲ್ಲಿ ಬಿಟ್ಟುಬಂದ ಹಳೆಯ ಜೊತೆ. ಅಳೆಯುವ ಯಂತ್ರಕ್ಕೆ ಇಡುವ ಅಗತ್ಯವೇ ಇರಲಿಲ್ಲ, ಆ ಲೆನ್ಸು ಉಜ್ಜಿದ್ದು ನಾನೇ. ಆದರೂ ಇಟ್ಟೆ. ಯಂತ್ರದೊಳಗೆ ಕಣ್ಣಿಟ್ಟು ಮುಖ ಮರೆಮಾಡಿಕೊಂಡೆ. ಅವನು ಕನ್ನಡಕವನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. “ಗೊತ್ತಿರೋರ ನಂಬರ್ ಥರ ಇದೆಯಾ ಅಮ್ಮಾ?” ಎಂದ, ಅಷ್ಟೇ ಮೆತ್ತಗೆ. ಈ ಅಂಗಡಿ ನಿನ್ನ ತಾಯಿಯದು ಎಂದು ನಿನ್ನ ಗಂಡ ಅವನಿಗೆ ಹೇಳದೆ ಇರುತ್ತಾನೆಯೇ? ನನಗೆ ನಿನ್ನ ಜಾಗ ಗೊತ್ತೋ ಇಲ್ಲವೋ ಎಂದು ನನ್ನ ಮುಖದಲ್ಲಿ ಓದಲಿಕ್ಕೇ ಬಂದಿದ್ದ.

“ಮಾಮೂಲಿ ನಂಬರು. ಇಂಥೋರು ಸಾವಿರ ಜನ ಇರ್ತಾರೆ, ಸಿಗಲ್ಲ” ಎಂದೆ. ನೀರು ಕುಡಿದು ಬರುತ್ತೇನೆ ಎಂದು ಒಳಗೆ ಹೋದೆ. ಎರಡು ನಿಮಿಷವೂ ಇರಲಿಕ್ಕಿಲ್ಲ. ಹೊರಗೆ ಬಂದಾಗ ಅವನು ಚಪ್ಪಲಿ ಮೆಟ್ಟುತ್ತಿದ್ದ. “ಇರ್ಲಿ ಬಿಡಿ ಅಮ್ಮಾ, ನಿಮಗೆ ಯಾಕೆ ಸುಮ್ನೆ ತೊಂದ್ರೆ” ಎಂದು ಕೈಮುಗಿದ. ಅವನು ಬೀದಿಯ ತಿರುವು ದಾಟುವುದನ್ನೇ ಕಾದು, ಗಿಡ್ಡ ಯಜಮಾನರ ಕಾರ್ಡು ಸುಟ್ಟುಹಾಕೋಣವೆಂದು ಗೋಡೆಯ ಹತ್ತಿರ ಹೋದೆ. ಮೊಳೆ ಬರಿದಾಗಿತ್ತು.

ಕಾರ್ಡಿನಲ್ಲಿ ಅವರ ಅಂಗಡಿಯ ಮೊಹರು ಇತ್ತು, ಊರಿತ್ತು, ನಿನ್ನ ಬೈಂಡಿಂಗ್ ಕೆಲಸವಿತ್ತು. ಓದಿದ ದಿನವೇ ಸುಡಬೇಕಿದ್ದ ಕಾರ್ಡು. ‘ನಗುತ್ತಾಳೆ’ ಎಂಬ ಆ ಒಂದು ಮಾತಿನ ಆಸೆಗೆ ಮೂರು ವರ್ಷದ ಮೇಲೆ ಗೋಡೆಗೆ ತೂಗುಹಾಕಿಕೊಂಡೆ.

ಕ್ಷೌರದಂಗಡಿಗೆ ಓಡಿ ಗಿಡ್ಡ ಯಜಮಾನರಿಗೆ ಫೋನು ಮಾಡಿದೆ, ಯಾರು ಬಂದರೂ ಏನೂ ಗೊತ್ತಿಲ್ಲ ಎನ್ನಿ ಎಂದೆ. ನಿನ್ನೆ ಸಂಜೆ ಅವರೇ ಫೋನು ಮಾಡಿದರು. “ಬಂದಿದ್ದ ಅಕ್ಕಾ. ಒಂದು ಗಂಟೆ ಫ್ರೇಮ್ ನೋಡ್ತಾ ಕೂತಿದ್ದ, ಒಂದೂ ತಗೊಳ್ಲಿಲ್ಲ. ಈ ಊರಲ್ಲಿ ಬೈಂಡಿಂಗ್ ಎಲ್ಲೆಲ್ಲಿ ಮಾಡ್ತಾರೆ ಅಂತ ಕೇಳ್ದ. ನಾನು ಹೇಳ್ಲಿಲ್ಲ, ಆದ್ರೆ ಊರು ಎಷ್ಟಂತ ದೊಡ್ಡದು?” ಎಂದರು. ಬರೀ ಬಾಯಿಮಾತಿಗೆ ನೀನು ಗುರುತಿಲ್ಲದವರ ಜೊತೆ ಹೊರಡುವವಳಲ್ಲ, ಹಾಗಾಗಿ ಈ ಏರ್ಪಾಟು. ಲೆನ್ಸಿನ ಪಾರ್ಸಲ್ಲಿನಲ್ಲಿ ಈ ಕಾಗದವನ್ನಿಟ್ಟು ಇಂದಿನ ಹನ್ನೊಂದರ ಬಸ್ಸಿಗೆ ಹಾಕುತ್ತೇನೆ. ಅಂಗಡಿಯ ಮುಂದೆ ಅವನ ಕಣ್ಣಿರಬಹುದು ಎಂದು ಅವರ ಹೆಂಡತಿ ನಿಲ್ದಾಣದಿಂದಲೇ ಬಿಡಿಸಿಕೊಂಡು ನಿನ್ನ ಹತ್ತಿರ ಬರುತ್ತಾರೆ. ನಾನೇ ಬರೋಣವೆಂದರೆ, ನನ್ನ ಹಿಂದೆ ಯಾರು ಬರುತ್ತಾರೋ ಗೊತ್ತಿಲ್ಲ.

ಪಾರ್ಸಲ್ಲಿನಲ್ಲಿ ನಾಲ್ಕು ಜೊತೆ ಕನ್ನಡಕವಿದೆ, ಹೋದ ವರ್ಷ ನೀನು ಗಿಡ್ಡ ಯಜಮಾನರ ಹತ್ತಿರ ಪರೀಕ್ಷೆ ಮಾಡಿಸಿದ ನಂಬರಿನದೇ. ಎರಡು ದಿನ ಕೂತು ಉಜ್ಜಿದ್ದೇನೆ, ಬೆನ್ನು ನನ್ನದಲ್ಲ ಎನ್ನುವ ಹಾಗಾಗಿದೆ. ಇನ್ನು ಯಾವ ಊರಿಗೆ ಹೋದರೂ ಯಾವ ಕನ್ನಡಕದಂಗಡಿಯ ಮೆಟ್ಟಿಲನ್ನೂ ಹತ್ತಬೇಡ. ಒಂದು ಹೋದರೆ ಇನ್ನೊಂದು ಹಾಕಿಕೋ. ನಂಬರನ್ನು ಎಲ್ಲಿಯೂ ಬರೆಸಬೇಡ, ಯಾವ ಚೀಟಿಯನ್ನೂ ಇಟ್ಟುಕೊಳ್ಳಬೇಡ. ಹನ್ನೊಂದು ಮಂದಿಗೂ ಬರೆದಿದ್ದೇನೆ: ಇನ್ನು ಮೇಲೆ ಯಾರ ನಂಬರನ್ನೂ ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ ಎಂದು. ಆ ಹೆಂಗಸು ನಿನ್ನನ್ನು ಎಲ್ಲಿಗೆ ಮುಟ್ಟಿಸುತ್ತಾರೋ ನನಗೆ ಗೊತ್ತಿಲ್ಲ, ಕೇಳಿಲ್ಲ. ನೀನೂ ತಿಳಿಸಬೇಡ. ನನಗೆ ಗೊತ್ತಿದ್ದರೆ ನನ್ನ ಮುಖ ನೋಡಿ ಅವನು ತಿಳಿದುಕೊಳ್ಳುತ್ತಾನೆ. ಇಷ್ಟು ದಿನ ನೀನು ದೂರವಿದ್ದರೂ ಇಂಥ ಕಡೆ ಇದ್ದೀ ಎಂದು ಗೊತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು. ಆ ಒಂದನ್ನೂ ಇಂದು ಬಿಟ್ಟುಕೊಡುತ್ತಿದ್ದೇನೆ ಮಗಳೇ.

ನನ್ನ ಚಿಂತೆ ಮಾಡಬೇಡ. ಟೀಚರ ಕನ್ನಡಕ, ಮನೆಯ ಒಡತಿಯ ಹೇಳಿಕೆ ಎರಡನ್ನೂ ದೊಡ್ಡ ಅಧಿಕಾರಿಗಳಿಗೆ ಕೊಡಲು ನಾಳೆ ಹೋಗುತ್ತೇನೆ. ಆಕೆಯನ್ನು ಕಣ್ಣಾರೆ ತೋರಿಸುವ ತನಕ ಆ ಕಚೇರಿಯ ಬೆಂಚು ಬಿಟ್ಟು ಏಳುವುದಿಲ್ಲ. ಮೆದುಮಾತಿನವ ಮತ್ತೆ ಬಂದರೆ ಬರಲಿ, ಅಂಗಡಿ ತೆರೆದೇ ಇರುತ್ತದೆ. ಅವನು ಇಲ್ಲಿ ನನ್ನನ್ನು ಹೆದರಿಸುತ್ತ ಕೂತಷ್ಟು ಹೊತ್ತು ನಿನ್ನ ಹಿಂದೆ ಬಿದ್ದಿರುವುದಿಲ್ಲವಲ್ಲ.

ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ಧೈರ್ಯವಾಗಿರು. ಬಾಗಿಲು ತಟ್ಟಿದವರ ದನಿ ಗುರುತಿಸದೆ ಚಿಲಕ ತೆಗೆಯಬೇಡ. ನೂರು ಕಾಲ ಸುಖವಾಗಿ ಬಾಳು. ಬೈಂಡಿಂಗ್ ಬಿಟ್ಟು ಬೇರೆ ಕೆಲಸ ಹಿಡಿ, ಆದರೆ ಆ ಯಜಮಾನರು ಬರೆದಿದ್ದರಲ್ಲ, ನಗುವುದನ್ನು ಬಿಡಬೇಡ.

ನಿನ್ನ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಮದುವೆಯಾದ ಎರಡು ವರ್ಷದಲ್ಲಿ ನೀನು ಎಡಗಣ್ಣಿನ ಗಾಜು ಒಡೆದುಕೊಂಡು ಮೂರು ಸಲ ನನ್ನ ಹತ್ತಿರ ಬಂದೆ. ಮೂರು ಸಲವೂ “ಕೈಜಾರಿ ಬಿತ್ತಮ್ಮ” ಎಂದೆ. ಕೆಳಗೆ ಬಿದ್ದ ಕನ್ನಡಕದ ಗಾಜು ಅಂಚಿನಲ್ಲಿ ಚಕ್ಕೆ ಏಳುತ್ತದೆ. ಮುಖದ ಮೇಲಿದ್ದಾಗ ಪೆಟ್ಟು ಬಿದ್ದರೆ ನಡುವಿನಿಂದ ಬಿರಿಯುತ್ತದೆ. ಮೂವತ್ತು ವರ್ಷ ಗಾಜು ಉಜ್ಜಿದವಳಿಗೆ ಇದು ಗೊತ್ತಿರುವುದಿಲ್ಲವೇ? ಮೊದಲನೆಯ ಸಲವೇ ಗೊತ್ತಾಗಿತ್ತು. ಇಲ್ಲೇ ಇರಲಾ ಎಂದು ನೀನೂ ಕೇಳಲಿಲ್ಲ, ಇರು, ಹೋಗಬೇಡ ಎಂದು ನಾನೂ ಹೇಳಲಿಲ್ಲ. ಮೂರನೆಯ ಸಲ ನಾನು ಮಾಡಿದ್ದೇನು ಗೊತ್ತೇ? ಎಂಥ ಏಟು ಬಿದ್ದರೂ ಒಡೆಯದ ಲೆನ್ಸು ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ನಿನ್ನ ಮೂಗಿನ ಮೇಲೆ ನನ್ನ ಕೈಯಾರೆ ಕೂರಿಸಿ, ನಿನ್ನ ಗಂಡನ ಮನೆಯ ಬಸ್ಸು ಹತ್ತಿಸಿದೆ.