ಮೂರನೆಯ ಹಾಡಾದ ಮೇಲೆ ಯಾವುದು?

ಹಳೆಯ ಹಾಡುಗಳನ್ನು ಆ್ಯಪ್‌ಗೆ ಏರಿಸುವ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನಮ್ಮ ಮನೆಯ ಕ್ಯಾಸೆಟ್‌ನಲ್ಲಿದ್ದ, ಹಾಡಿನಿಂದ ಹಾಡಿಗೆ ಒಂದೇ ಕತೆ ಹೇಳುವ ಆಲ್ಬಮ್ಮನ್ನು ನೀವು ಇಸ್ಪೀಟಿನ ಎಲೆಗಳಂತೆ ಕಲಸಿ ಆ್ಯಪ್‌ಗೆ ಹಾಕಿದ್ದೀರಿ. ಜನ ಹೆಚ್ಚು ಕೇಳಿದ ಹಾಡು ಮೊದಲು, ಕಡಿಮೆ ಕೇಳಿದ್ದು ಕೊನೆಗೆ. ಹೀಗಾಗಿ ನಾಯಕ ಮೊದಲ ಹಾಡಿನಲ್ಲೇ ಊರಿಗೆ ವಾಪಸಾಗುತ್ತಾನೆ, ಆರನೆಯದರಲ್ಲಿ ಊರು ಬಿಡುತ್ತಾನೆ. ಎಂಥ ಪ್ರಗತಿ! ಕಾದಂಬರಿಗಳನ್ನೂ ಹೀಗೇ ಅಚ್ಚು ಹಾಕಿಸಿ, ಜನರಿಗೆ ಇಷ್ಟವಾದ ಪುಟ ಮೊದಲು ಬರಲಿ.

ಕ್ಯಾಸೆಟ್‌ನ ಕ್ರಮವೇನು ದೇವರು ಕೊಟ್ಟದ್ದೇ ಎಂದು ನಮ್ಮ ಹಳೆಯ ಹಾಡಿನ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ, ಮೊದಲು ಬಂದ ಎಲ್‌ಪಿ ತಟ್ಟೆಯ ಕ್ರಮವೇ ಸರಿ ಎನ್ನುವ ಎಲ್‌ಪಿ ಪಕ್ಷದವರು ದಿನಾ ಕೆಣಕುತ್ತಾರೆ. ಕ್ಯಾಸೆಟ್ ಮಾಡುವಾಗ ಎರಡೂ ಬದಿಯ ಉದ್ದ ಸಮವಾಗಲಿ ಎಂದು ಹಾಡುಗಳನ್ನು ಹಿಂದೆ ಮುಂದೆ ಮಾಡಿದ್ದು ನಿಜ, ಒಪ್ಪುತ್ತೇನೆ. ಆದರೆ ಹಾಗೆ ಮಾಡಿದ ಪುಣ್ಯಾತ್ಮನಿಗೆ ಕಿವಿ ಇತ್ತು. ಮೂರನೆಯ ಹಾಡಿನ ಕೊನೆಗೆ ಎಲ್‌ಪಿಯಲ್ಲಿಲ್ಲದ ಒಂದು ಕೊಳಲು ಸೇರಿಸಿ, ಅದು ನಿಲ್ಲದೆ ನಾಲ್ಕನೆಯದರೊಳಗೆ ಹೋಗುವಂತೆ ಮಾಡಿದ. ನೀವು ಆ ಕೊಳಲನ್ನು ಅರ್ಧಕ್ಕೆ ಕತ್ತರಿಸಿದ್ದೀರಿ. ಇನ್ನು ನಾನೇ ಪ್ಲೇಲಿಸ್ಟ್ ಮಾಡಿಕೊಂಡರೂ ಕತ್ತರಿಸಿದ್ದು ಕೂಡುತ್ತದೆಯೇ?

ಇದು ಅಭಿಮಾನಿಯ ಹುಚ್ಚು ಅನ್ನಿಸಿದರೆ ನಮ್ಮ ಮನೆಗೆ ಬನ್ನಿ. ನಮ್ಮ ದೊಡ್ಡಮ್ಮ ಟೈಲರ್. ಮುಂದಿನ ಕೋಣೆಯೇ ಅವರ ಅಂಗಡಿ. ಹೊಲಿಗೆ ಯಂತ್ರದ ಪಕ್ಕದಲ್ಲಿ ಟೇಪ್‌ರೆಕಾರ್ಡರ್, ಅದರಲ್ಲಿ ವರ್ಷಗಟ್ಟಲೆ ಇದೇ ಕ್ಯಾಸೆಟ್. ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಅವರ ಮಾತು ನಿಂತುಹೋಯಿತು. ಮಾತು ಕಲಿಸುವ ಮೇಡಂ, ಗೊತ್ತಿರುವ ಹಾಡು ಹಾಕಿ, ಮಾತು ಆ ದಾರಿಯಲ್ಲಿ ಬಂದರೂ ಬರಬಹುದು ಎಂದರು. ಹಾಕಿದೆವು. ಮೂರನೆಯ ಹಾಡು ಮುಗಿದು ಕೊಳಲು ಎದ್ದಾಗ, ಗಾಯಕಿ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ನಾಲ್ಕನೆಯ ಹಾಡಿನ ಮೊದಲ ಪದ ಹೇಳಿದರು: "ಇರು." ಅಕ್ಕ, ಅಂದರೆ ಅವರ ಮಗಳು, ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತು ಅಳುತ್ತ ನಿಂತಳು. ದಿನಾ ಅದೊಂದು ಪದ, ಅದೂ ಕೊಳಲಿನ ಬೆನ್ನಿಗೆ ಮಾತ್ರ.

ಆಮೇಲೆ ಕ್ಯಾಸೆಟ್‌ನ ಟೇಪು ರೆಕಾರ್ಡರಿನೊಳಗೆ ಸುತ್ತಿಕೊಂಡು ಚಿಂದಿಯಾಯಿತು. ಮೊಬೈಲಿನಲ್ಲಿ ನಿಮ್ಮದು ಸಿಕ್ಕಿತು. ಕ್ರಮ ಬೇರೆ ಎಂದು ನಾನು ಗೊಣಗಿದೆ. "ನಿನ್ನ ಗ್ರೂಪಿನ ಜಗಳ ಮನೆಗೆ ತರಬೇಡ ಕಣೋ, ಹಾಡು ಹಾಡೇ" ಅಂದಳು ಅಕ್ಕ. ಹಾಕಿದೆ. ಕೊಳಲು ಎದ್ದಿತು. ದೊಡ್ಡಮ್ಮ ಮುಂದೆ ಬಾಗಿ ತುಟಿ ತೆರೆದರು. ಅಷ್ಟರಲ್ಲಿ ಕೊಳಲಿನ ಕತ್ತು ಕುಯ್ದು ನಿಮ್ಮ ಮದುವೆ ಡೋಲಿನ ಹಾಡು ಬಡಿಯಿತು. ತೆರೆದ ಬಾಯಿ ಹಾಗೇ ಉಳಿಯಿತು. ಮೂರು ಸಲ ಪ್ರಯತ್ನಿಸಿದೆವು. ಮೂರನೆಯ ಸಲ ಅವರು ಗೋಡೆಯ ಕಡೆ ತಿರುಗಿಕೊಂಡರು. "ಸಾಕು, ಆಫ್ ಮಾಡು. ತನಗೇ ಮರೆತುಹೋಯ್ತು ಅಂದ್ಕೊಂಡಿದ್ದಾಳೆ ಅಮ್ಮ" ಅಂದಳು ಅಕ್ಕ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ, "ಎಲ್ಲಾ ಹಾಡೂ ಇದಾವಲ್ಲ ಸರ್, ಇನ್ನೇನು ಕಮ್ಮಿ ಆಗಿದೆ ನಿಮಗೆ?" ಅಂದರು. ಸೌಜನ್ಯಕ್ಕೆ ಕೊರತೆಯಿಲ್ಲ.

ಗ್ರೂಪಿನಲ್ಲಿ ಕೇಳಿದೆ, ಎಲ್‌ಪಿ ಪಕ್ಷದವರೂ ಜಗಳ ಬಿಟ್ಟು ಹುಡುಕಿದರು. ಯಾರ ಬಳಿಯೂ ಸುಸ್ಥಿತಿಯ ಕ್ಯಾಸೆಟ್ ಇಲ್ಲ. ಆ ಕ್ಯಾಸೆಟ್ ಹೊರತಂದ ಕಂಪನಿ ನಿಮ್ಮದೇ, ಮೂಲ ಟೇಪು ನಿಮ್ಮ ಗೋದಾಮಿನಲ್ಲಿದೆ. ನಿಮ್ಮ ಜನಪ್ರಿಯತೆಯ ಪಟ್ಟಿ ನಿಮಗಿರಲಿ. ಅದರ ಪಕ್ಕದಲ್ಲೇ ಕ್ಯಾಸೆಟ್‌ನ ಮೊದಲ ಬದಿಯನ್ನು ಅದರ ಕ್ರಮದಲ್ಲೇ, ನಡುವೆ ಕತ್ತರಿ ಆಡಿಸದೆ ಹಾಕಿ. ಬೇಗ ಹಾಕಿ. ಅಭ್ಯಾಸ ಬಿಟ್ಟುಹೋದರೆ ಆ ಒಂದು ಪದವೂ ಹೋಗುತ್ತದೆ ಎಂದಿದ್ದಾರೆ ಮೇಡಂ. ಆಮೇಲೆ ನೀವು ಯಾವ ಕ್ರಮದಲ್ಲಿ ಹಾಕಿದರೂ ನಮಗೆ ಒಂದೇ.

ಇಂತಿ,
ನಿಮ್ಮ ಅಂಕಿಅಂಶದಲ್ಲಿ 'ಅರ್ಧಕ್ಕೆ ಕೇಳಿ ಬಿಟ್ಟವರು' ಎಂದು ದಾಖಲಾಗಿರುವ ಒಂದು ಮನೆಯ ಪರವಾಗಿ