ಅತ್ತೆಯ ಕಿವಿಗೆ ಮುಟ್ಟಿದ ಪಾಠ

ಯಡ್ತರೆ,
ತಾ. ೧೪-೨-೧೯೪೭

ಬೊಂಬಾಯಿಯ ಹೋಟೆಲಿನಲ್ಲಿ ಊರವರಿಗೆಲ್ಲ ಅಡುಗೆ ಮಾಡಿ ಹಾಕುತ್ತಿರುವ ನಮ್ಮ ಮನೆಯವರಿಗೆ ವಾರಿಜಾಕ್ಷಿಯ ನಮಸ್ಕಾರಗಳು.

ಖರ್ಚು ಮೊದಲು ಹೇಳಿಬಿಡುತ್ತೇನೆ. ಅರ್ಧ ಕುಪ್ಪಿ ಜೇನು, ಒಂದು ಹಿಡಿ ಕಾಳುಮೆಣಸು, ಮಗಳ ಗಂಟಲು, ನನ್ನ ಗಂಟಲು, ನೆರೆಮನೆ ಚಂದಯ್ಯನವರ ಸಂಜೆಯ ಜೊಂಪು. ಕಾಸು ಒಂದೂ ಹೋಗಿಲ್ಲ, ಗಾಬರಿ ಬೇಡ.

ವನಮಾಲಾ ಓದುವುದೆಲ್ಲ ಗಿಳಿಪಾಠ, ಏನು ಓದಿದೆ ಎಂದರೆ ಕಣ್ಣು ಪಿಳಿಪಿಳಿ ಬಿಡುತ್ತಾಳೆ, ಈ ಪರೀಕ್ಷೆ ಮುಗಿದೊಡನೆ ಶಾಲೆ ಬಿಡಿಸು ಎಂದು ಬರೆದಿರಿ. ಗಿಳಿಪಾಠ ಎಂದದ್ದು ಸುಳ್ಳಲ್ಲ. ಆದರೆ ಅವಲಕ್ಕಿ ಕುಟ್ಟಿ ಮಾರಿ ಅವಳಿಗೆ ಸ್ಲೇಟು ಕೊಡಿಸಿದವಳು ನಾನು. ಒಂದು ಕಾಗದ ಬಂತೆಂದು ಬಿಡಿಸುವವಳಲ್ಲ. ದಿನಾ ಓದಿದ್ದನ್ನು ಅಜ್ಜಿಗೆ ಹೇಳು ಎಂದು ನಿಮ್ಮ ಅಮ್ಮನ ಎದುರು ಕೂರಿಸಿದೆ.

ಅತ್ತೆಯ ಕಿವಿ ನಿಮಗೆ ಗೊತ್ತೇ ಇದೆ. ನೀವು ಹೋದ ಮೇಲೆ ಇನ್ನಷ್ಟು ಮಂದವಾಗಿದೆ.

ಮೊದಲ ದಿನ ದಾರಿ ತಪ್ಪಿದ ವ್ಯಾಪಾರಿಯ ಪಾಠ. ಹುಡುಗಿ ಮೊದಲ ಸಾಲಿನಿಂದಲೇ ಕೂಗತೊಡಗಿದಳು: ವ್ಯಾಪಾರಿಯ ಮುಂಡಾಸಿನ ಬಣ್ಣ, ಎತ್ತಿನ ಕೊರಳಿನ ಗಂಟೆ, ಹಾದಿಬದಿಯ ಮರಗಳು. ವ್ಯಾಪಾರಿ ಕಾಡು ಹೊಗುವ ಮೊದಲೇ ಅವಳ ಸ್ವರ ಬಿತ್ತು. ಯಾರೋ ಬಾವಿಗೆ ಬಿದ್ದರೆಂದು ಚಂದಯ್ಯನವರು ಹಗ್ಗ ಹಿಡಿದು ಓಡಿ ಬಂದರು. ಅತ್ತೆ ಮಾತ್ರ ತಣ್ಣಗೆ, "ಮುಂಡಾಸ್ ಕಟ್ಕಂಡ್ ನಾನ್ ಎಂತ ಮಾಡೂದ್ ಹೆಣೆ? ಕಡಿಗ್ ಎಂತ ಆಯ್ತ್, ಅದ್ ಹೇಳ್" ಅಂದರು.

ಮರುದಿನ ಅದೇ ಪಾಠಕ್ಕೆ ಅತಿಜಾಣೆಯಾದಳು. "ಎತ್ತ್ ಬಂತ್" ಎಂದು ಕೂಗಿ ಸುಮ್ಮನಾದಳು. ಅತ್ತೆ ಕೋಲು ಹಿಡಿದು ಎದ್ದರು: "ಯಾರ್ ಮನಿದ್? ನಮ್ ಗದ್ದಿಗಾ?" ಅವರನ್ನು ಅಂಗಳದಿಂದ ಹಿಂದಕ್ಕೆ ಕರೆಯುವಷ್ಟರಲ್ಲಿ ನನ್ನ ಗಂಟಲು ಹೋಯಿತು.

ಆಗ ಹುಡುಗಿ ತಾನಾಗಿಯೇ ಪುಸ್ತಕ ತೆರೆದಳು. ಓದಿದಳು, ಮುಚ್ಚಿದಳು, ಮತ್ತೆ ತೆರೆದಳು. ಯಾವುದನ್ನು ಬಿಟ್ಟರೆ ನಡೆಯುತ್ತದೆ, ಯಾವುದನ್ನು ಬಿಟ್ಟರೆ ಅಜ್ಜಿ ಕೋಲು ಹಿಡಿಯುತ್ತಾರೆ ಎಂದು ತೂಗಿ ನೋಡಿದಳು. ಆಮೇಲೆ ಕೂಗಿದಳು: ವ್ಯಾಪಾರಿಗೆ ಕಾಡಿನಲ್ಲಿ ದಾರಿ ತಪ್ಪಿತು, ಮುದಿಯಾಯಿತೆಂದು ಅವನು ಹೊಡೆದಟ್ಟಿದ್ದ ಎತ್ತೇ ಬಂದು ಅವನನ್ನು ಮನೆ ಸೇರಿಸಿತು.

ಅತ್ತೆ ಕೋಲನ್ನು ಗೋಡೆಗೆ ಒರಗಿಸಿ, "ಇನ್ನಾದ್ರೂ ಅದ್ಕೆ ಹುಲ್ಲ್ ಹಾಕ್ಲಿ ಅಂವ" ಅಂದರು.

ಪಾಠ ಮುಟ್ಟಿದ್ದಕ್ಕೆ ನನಗೆ ಬೇರೆ ರಶೀದಿ ಬೇಡ. ಈಗ ದಿನಕ್ಕೊಂದು ಪಾಠ. ಮೂರು ಉಸಿರಿಗಿಂತ ಹೆಚ್ಚು ಕೂಗಬಾರದೆಂದು ಅತ್ತೆಯ ಕಟ್ಟಪ್ಪಣೆ.

ಆದ್ದರಿಂದ ಶಾಲೆ ಬಿಡಿಸುವುದಿಲ್ಲ. ಮಾತು ಮೀರಿದಳೆಂದು ಕೋಪವಾದರೆ ಬಂದು ಬೈಯಿರಿ. ನನಗೇನೂ ಹೆದರಿಕೆಯಿಲ್ಲ.

ಯಾರಿಗೆ ಏನು ಸಿಕ್ಕಿತೆಂದರೆ, ಮಗಳಿಗೆ ಓದಿದ್ದು ದಕ್ಕಿತು. ಅತ್ತೆಗೆ ದಿನಾ ಒಂದು ಕಥೆ. ಚಂದಯ್ಯನವರಿಗೂ ಅದೇ ಕಥೆ, ಬೇಲಿಯಾಚೆಯಿಂದ. ನನಗೆ ಗಂಟಲು ವಾಪಸು ಬಂತು. ಈ ಲೆಕ್ಕದಲ್ಲಿ ನಿಮ್ಮ ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.

ಇತಿ,
ವಾರಿಜಾಕ್ಷಿ

ತಾ.ಕ.: ಅಪ್ಪಯ್ಯ, ಇದನ್ನು ಬರೆಯುವವಳು ನಾನು, ವನಮಾಲಾ. ಅಂಚೆಗೆ ಹಾಕಲು ಹೊರಟಾಗ, ಅಮ್ಮ ಎಂತ ಬರೆದಿದ್ದಾಳೆ ಎಂದು ಅಜ್ಜಿ ಕೇಳಿದರು. ಓದಿ, ಮೂರು ಉಸಿರಿನಲ್ಲಿ ಕೂಗಿದೆ: ನನ್ನನ್ನು ಶಾಲೆ ಬಿಡಿಸುವುದಿಲ್ಲ. ಅಮ್ಮನಿಗೆ ಹೆದರಿಕೆಯಾಗಿದೆ. ನೀವು ಮನೆಗೆ ಬರಬೇಕು. ಅದಕ್ಕೆ ಅಜ್ಜಿ, "ಇಷ್ಟ್ ಹೇಳೂಕೆ ಅವ್ಳಿಗೆ ಎರಡ್ ಹಾಳಿ ಬೇಕಾಯ್ತಾ?" ಅಂದರು.