ಎಡಸೀಟಿನ ಗಾಜಿನ ಸಾಮಾನು

ಗದಗ, ಫೆಬ್ರವರಿ 30, 2187

ಇಂದಿನ, ಅಂದರೆ ನಮ್ಮ ಪಾಲಿಗೆ ಅಂದಿನ, ಲಾರಿ ಚಾಲಕ ಹಿರಿಯರಿಗೆ ಗದಗ ಎಡಸೀಟು ಸಂಘದ ಕಾರ್ಯದರ್ಶಿ ಈರಸಂಗಪ್ಪನ ದೀರ್ಘದಂಡ ನಮಸ್ಕಾರ. ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ಯಾರೋ ಹೋರಾಡಿ ಎರಡು ದಿನ ಕೊಡಿಸಿದ್ದಾರೆ. ನಮ್ಮ ಕೆಲವು ಮಾತುಗಳು ವಿಚಿತ್ರವೆನಿಸಿದರೂ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಲಾರಿಗೆ ತಾನೋಡಿ ಎಂದು ಹೆಸರು, ಏಕೆಂದರೆ ಅದು ತಾನೇ ಓಡುತ್ತದೆ. ಚಾಲಕ ಅದರಲ್ಲಿ ಮದುವೆಮನೆಯ ಸೋದರಮಾವನಿದ್ದ ಹಾಗೆ: ಇರಲೇಬೇಕು, ಏನೂ ಮಾಡಬಾರದು. ಎಲ್ಲಿ ಊಟ, ಎಲ್ಲಿ ಚಹಾ ಎಂಬುದನ್ನೂ ಮೇಲ್ಗಣ್ಣು ಹೇಳುತ್ತಿತ್ತು. ಮೇಲ್ಗಣ್ಣೆಂದರೆ ಕ್ಯಾಬಿನ್ನಿನ ಸೂರಿನಲ್ಲಿದ್ದ, ಲಾರಿ ವರದಿ ಮಾಡಿದಾಗ ಮಾತ್ರ ಕಣ್ಣು ತೆರೆಯುವ ಕ್ಯಾಮೆರಾ ಮತ್ತು ಅದರ ಆಚೆ ತುದಿಯಲ್ಲಿ, ಕಂಪನಿಯ ಕಚೇರಿಯಲ್ಲಿ ಕೂತ ಒಬ್ಬ ಸಾಹೇಬರು. ಎಡಸೀಟಿನಲ್ಲಿ ಸರಕು ಇಡಬಹುದಿತ್ತು, ಮನುಷ್ಯರು ಕೂರುವಂತಿರಲಿಲ್ಲ. ಚಾಲಕನಿಗೆಂದು ಉಳಿದಿದ್ದು ಸರಕಿನ ಚೀಟಿ ಬರೆಯುವ ಕೆಲಸವೊಂದೇ. ಏನಾದರೂ ಒಡೆದರೆ ಹೊಣೆ ಅವನದೇ ಆಗಲಿ ಎಂಬ ದೊಡ್ಡ ಮನಸ್ಸಿನಿಂದ ಕಂಪನಿ ಅದನ್ನು ಬಿಟ್ಟುಕೊಟ್ಟಿತ್ತು. ಅವನು ಬರೆದದ್ದನ್ನು ಕಚೇರಿ ತಿದ್ದುವಂತಿರಲಿಲ್ಲ.

ನಮ್ಮ ಚಾಲಕ ಯಮನೂರಪ್ಪನಿಗೆ ಮದುವೆಯಾಗಿ ಹನ್ನೊಂದು ತಿಂಗಳಾಗಿತ್ತು. ಹೆಂಡತಿ ಫಕೀರವ್ವನ ಜೊತೆ ಇದ್ದದ್ದು ಇಪ್ಪತ್ತಾರೇ ದಿನ. ಸಮುದ್ರ ತೋರಿಸುತ್ತೇನೆಂದು ಮಾತು ಕೊಡುತ್ತಲೇ ಇದ್ದ. ಒಂದು ದಿನ ಅವಳು, "ಸಮುದ್ರ ಇರ್ಲಿ, ನಿಮ್ ಮಾರಿನರ ತೋರಸ್ರಿ" ಎಂದವಳೇ ತವರಿಗೆ ಹೋಗಲು ಪೆಟ್ಟಿಗೆ ಕಟ್ಟಿದಳು. ಯಮನೂರಪ್ಪ ಮರುದಿನ ಬೆಳಗ್ಗೆ ಪೆಟ್ಟಿಗೆಯನ್ನೂ ಅವಳನ್ನೂ ಲಾರಿಗೆ ಹತ್ತಿಸಿಕೊಂಡು, ಕಾರವಾರಕ್ಕೆ ಹೊರಟಿದ್ದ ಈರುಳ್ಳಿಯ ಚೀಟಿಗೆ ಒಂದು ಸಾಲು ಸೇರಿಸಿದ: "ಎಡಸೀಟು: ಗಾಜಿನ ಸಾಮಾನು, ಒಂದು. ತೂಕ ಅರವತ್ತೊಂದು ಕಿಲೋ. ಪಡೆಯುವವರು: ಯಮನೂರಪ್ಪ, ಕಾರವಾರದ ಸಮುದ್ರದಂಡೆ."

ತಾನೋಡಿ ಒಪ್ಪಿತು. ಆದರೆ ಗಾಜೆಂದರೆ ಗಾಜು! ಗಂಟೆಗೆ ಇಪ್ಪತ್ತು ಕಿಲೋಮೀಟರಿನಂತೆ, ಪ್ರತಿ ರಸ್ತೆಯುಬ್ಬಿಗೂ ಕ್ಷಮೆ ಕೇಳುತ್ತ ಹೊರಟಿತು. ಅಣ್ಣಿಗೇರಿ ದಾಟುವಷ್ಟರಲ್ಲಿ ಎರಡು ಸೈಕಲ್ಲುಗಳು ಮುಂದೆ ಹೋದವು.

"ಎಮ್ಮಿ ಮ್ಯಾಲೆ ಕುಂತಿದ್ರೂ ಇಷ್ಟೊತ್ತಿಗೆ ಹುಬ್ಬಳ್ಳಿ ಮುಟ್ತಿದ್ವಿ" ಎಂದಳು ಫಕೀರವ್ವ.

"ನೀ ಗಾಜು. ಗಾಜು ಮಾತಾಡಂಗಿಲ್ಲ."

ಅವಳು ಚೀಟಿ ಕಿತ್ತುಕೊಂಡು ಓದಿದಳು. "ಅರವತ್ತೊಂದಾ? ಯಾರ್ ತಕ್ಕಡ್ಯಾಗ ತೂಗೀರಿ? ಐವತ್ನಾಲ್ಕ ಅದೀನಿ ನಾ!"

ಆ ಏಳು ಕಿಲೋಗಳ ಜಗಳ ಅರಬೈಲು ಘಾಟಿನವರೆಗೂ ನಡೆಯಿತು. ಅಲ್ಲಿ ಲಾರಿ ಗಕ್ಕನೆ ನಿಂತು, "ಸರಕಿನಿಂದ ಶಬ್ದ ಬರುತ್ತಿದೆ. ಒಡೆದಿದೆಯೇ?" ಎಂದು ಕಚೇರಿಗೆ ವರದಿ ಮಾಡಿತು. ಮೇಲ್ಗಣ್ಣು ತೆರೆಯಿತು. ಸಾಹೇಬರು ಗಾಜನ್ನು ನೋಡಿದರು. ಗಾಜೂ ಸಾಹೇಬರನ್ನು ನೋಡಿತು.

"ಯಮನೂರಪ್ಪ, ಇಲ್ಲೇ ಇಳಸು ಆಕಿನ್ನ. ಇಲ್ಲಾ, ನಾಳಿಂದ ನೀನೂ ಇಳಿ."

ಯಮನೂರಪ್ಪ ಬೆವರೊರೆಸಿಕೊಂಡು ಕಂಪನಿಯ ನಿಯಮ ಪುಸ್ತಕ ತೆರೆದು ಓದಿದ: ಗಾಜಿನ ಸಾಮಾನನ್ನು ದಾರಿ ಮಧ್ಯೆ ಇಳಿಸತಕ್ಕದ್ದಲ್ಲ. ಪಡೆಯುವವರ ಸಹಿ ಬೀಳುವವರೆಗೆ ಲಾರಿ ಕರ್ತವ್ಯದಲ್ಲೇ ಇರತಕ್ಕದ್ದು. "ರೂಲು ನಂದಲ್ರಿ ಸಾಹೇಬ್ರ, ನಿಮ್ದ" ಎಂದ. ಸಾಹೇಬರು ಆ ಪುಸ್ತಕದ ತಮ್ಮ ಪ್ರತಿಯನ್ನು ತಿರುವಿಹಾಕುತ್ತಿರುವಾಗಲೇ, ನಿಯಮದ ಹೊರತು ಬೇರೆ ದೇವರನ್ನರಿಯದ ತಾನೋಡಿ ಹೊರಟೇಬಿಟ್ಟಿತು.

ಸಂಜೆ ಕಾರವಾರದಲ್ಲಿ ಫಕೀರವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಸಮುದ್ರಕ್ಕಿಳಿದಳು. ಅಲೆ ಬಂದು ಬಡಿದಾಗ ಕಿರುಚಿ ನಕ್ಕಳು. ಯಮನೂರಪ್ಪ ಮರಳ ಮೇಲೆ ಕೂತು, "ಸರಕು ಸುಸ್ಥಿತಿಯಲ್ಲಿ ತಲುಪಿದೆ" ಎಂದು ಸಹಿ ಹಾಕಿದ. ತವರಿನ ಮಾತು ಮತ್ತೆ ಬರಲಿಲ್ಲ. ಚೀಟಿಯಲ್ಲಿ ಎಲ್ಲವೂ ಸರಿಯಿದ್ದದ್ದರಿಂದ ಸಾಹೇಬರ "ಇಳಿ" ಎಂಬ ಮಾತೂ ಮತ್ತೆ ಬರಲಿಲ್ಲ.

ಮರುವಾರ ಗದಗಿನ ಪ್ರತಿ ಲಾರಿಯಲ್ಲೂ ಗಾಜು: ಒಬ್ಬನ ಅಪ್ಪ, ಇನ್ನೊಬ್ಬನ ಅಜ್ಜಿ, ಪರೀಕ್ಷೆಗೆ ಹೊರಟ ಮತ್ತೊಬ್ಬನ ತಂಗಿ. ಕಂಪನಿಯ ಅಷ್ಟೂ ಲಾರಿಗಳು ಇಪ್ಪತ್ತರ ವೇಗದಲ್ಲಿ ತೆವಳಿದವು. ಹತ್ತನೆಯ ದಿನ ಕಂಪನಿ ಕೈಮುಗಿದು, ಎಡಸೀಟನ್ನು ಚಾಲಕರ ಇಷ್ಟಕ್ಕೆ ಬಿಟ್ಟಿತು.

ಹಿರಿಯರೇ, ನಿಮ್ಮ ಕೈಯಲ್ಲಿ ಇನ್ನೂ ಸ್ಟೇರಿಂಗಿದೆ, ಮನಸ್ಸಾದಲ್ಲಿ ಚಹಾಕ್ಕೆ ನಿಲ್ಲಿಸುವ ರಾಜಯೋಗವಿದೆ. ಬೇಡುವುದು ಇಷ್ಟೇ. "ಒಂದ್ಸಲ ನನ್ನೂ ಕರ್ಕೊಂಡು ಹೋಗ್ರಿ" ಎಂದು ಕೇಳಿ ಕೇಳಿ ಸುಮ್ಮನಾದವರು ನಿಮ್ಮ ಮನೆಯಲ್ಲಿದ್ದರೆ, ಈ ಕಾಗದ ಮಡಚಿಟ್ಟು, ಎಡಸೀಟಿನ ಧೂಳು ಕೊಡವಿ, ಬಾಗಿಲ ಮುಂದೆ ನಿಂತು ಜೋರಾಗಿ ಹಾರ್ನ್ ಹೊಡೆಯಿರಿ.